ಸಿರಿಲ್‌ನಲ್ಲಿ ಧೂಮಕೇತುವಿನ ತಲೆ ಕಡ್ಡಿಯಂತೆ ಉದ್ದ ಬರುತ್ತಿದೆ, ಎ3 ಧೂಮಕೇತು ಒಡೆಯುತ್ತಿದೆಯಾ?

ಪ್ರಶ್ನೆ – ಹಾಸನ ಜಿಲ್ಲೆಯ ಹೊಸ ಸದಸ್ಯ, ನವೆಂಬರ್ 4, 2024

ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿಯಿಂದ ಒಂದೇ ಫೋಟೋ ಹಿಂದೆ ಬಿದ್ದಿದ್ದೇನೆ. ದಾರಿ ಕಾಣುತ್ತಿಲ್ಲ, ದಯವಿಟ್ಟು ಸಹಾಯ ಮಾಡಿ.

ನಿನ್ನೆ ಭಾನುವಾರ ಸಂಜೆ ನಮ್ಮ ತೋಟದಿಂದ ತ್ಸುಚಿನ್‌ಶಾನ್–ಅಟ್ಲಾಸ್ ಧೂಮಕೇತುವಿನ (ಸಿ/2023 ಎ3) ಫೋಟೋ ತೆಗೆದೆ. ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್, 18 ಮೆಗಾಪಿಕ್ಸೆಲ್. 200 ಎಂಎಂ ಲೆನ್ಸ್, ಎಫ್/4. ಐಎಸ್‌ಒ 1600. ಆಕಾಶ ತಿರುಗಿದಂತೆ ಕ್ಯಾಮೆರಾ ತಿರುಗಿಸುವ ಸಣ್ಣ ಟ್ರ್ಯಾಕರ್ ಇದೆ. 30 ಸೆಕೆಂಡಿನ ಫ್ರೇಮ್ 60. ಏಳು ಗಂಟೆ ಐದು ನಿಮಿಷಕ್ಕೆ ಶುರು ಮಾಡಿದೆ. 34 ಫ್ರೇಮ್ ಆದಮೇಲೆ ಬ್ಯಾಟರಿ ಖಾಲಿಯಾಯಿತು. ಬದಲಾಯಿಸಿ ಮತ್ತೆ ಶುರು ಮಾಡುವಾಗ 7.32. ಉಳಿದ 26 ಫ್ರೇಮ್ 7.47ಕ್ಕೆ ಮುಗಿದವು.

ಸಿರಿಲ್‌ನಲ್ಲಿ (ಫೋಟೋಗಳನ್ನು ಒಂದರ ಮೇಲೊಂದು ಕೂಡಿಸುವ, ಅಂದರೆ ಸ್ಟ್ಯಾಕ್ ಮಾಡುವ ತಂತ್ರಾಂಶ) ಮೊದಲು ಎಲ್ಲ ಫ್ರೇಮುಗಳನ್ನು ನಕ್ಷತ್ರಗಳ ಮೇಲೆ ಅಲೈನ್ ಮಾಡಿದೆ. ಆಮೇಲೆ ಕಾಮೆಟ್ ರಿಜಿಸ್ಟ್ರೇಷನ್‌ಗೆ ಹೋಗಿ ಮೊದಲ ಫ್ರೇಮಿನಲ್ಲಿ ತಲೆ ಗುರುತಿಸಿದೆ, ಕೊನೆಯ ಫ್ರೇಮಿನಲ್ಲೂ ಗುರುತಿಸಿದೆ. ಸ್ಟ್ಯಾಕ್ ಮಾಡಿದಾಗ ನಕ್ಷತ್ರಗಳು ಜೋಡಿ ಚುಕ್ಕಿಗಳಾಗಿ ಬಂದವು. ಇದರಲ್ಲಿ ನಕ್ಷತ್ರಗಳು ಸರಿಯಾಗಿ ಬರುವುದಿಲ್ಲ ಅಂತ ಗೊತ್ತು. ಆದರೆ ಧೂಮಕೇತುವಿನ ತಲೆ ಕಡ್ಡಿಯ ಹಾಗೆ ಬಂದಿದೆ! ಅಗಲ 5 ಪಿಕ್ಸೆಲ್, ಉದ್ದ ಹತ್ತಿರಹತ್ತಿರ 20.

ನನ್ನ ಭಯ ಏನೆಂದರೆ, ಇದು ಒಡೆಯುತ್ತಿದೆಯಾ? ಹೋದ ವಾರವಷ್ಟೇ ಸಿ/2024 ಎಸ್1 ಧೂಮಕೇತು ಸೂರ್ಯನ ಹತ್ತಿರ ಹೋಗಿ ಚೂರಾಗಿದ್ದನ್ನು ಸೂರ್ಯನನ್ನು ನೋಡುವ ಸೋಹೋ ನೌಕೆಯ ಚಿತ್ರಗಳಲ್ಲಿ ನೋಡಿದ್ದೆ. ಎ3 ಕೂಡ ಉಳಿಯುವುದಿಲ್ಲ ಅಂತ ಜುಲೈನಲ್ಲಿ ಧೂಮಕೇತು ತಜ್ಞ ಸೆಕಾನಿನಾ ಬರೆದಿದ್ದರಲ್ಲ, ಅದೂ ನೆನಪಾಯಿತು. ಯಾರಾದರೂ ನಿನ್ನೆ ತೆಗೆದಿದ್ದರೆ ಹೇಳಿ.

ಉತ್ತರ – ಮಂಗಳೂರಿನ ಸದಸ್ಯೆ

ನಿಮ್ಮ ಅನುಮಾನ ಸುಮ್ನೆ ಹುಟ್ಟಿದ್ದಲ್ಲ. ಧೂಮಕೇತು ಒಡೆಯುವಾಗ ತಲೆ ನಿಜಕ್ಕೂ ಉದ್ದವಾಗುತ್ತದೆ. 2020ರ ಏಪ್ರಿಲ್‌ನಲ್ಲಿ ಸಿ/2019 ವೈ4 ಹೀಗೇ ಮೊದಲು ಉದ್ದವಾಗಿ ಕಂಡಿತು. ಆಮೇಲೆ ಹಬಲ್ ನೋಡಿದಾಗ ಸುಮಾರು 30 ತುಂಡು ಸಿಕ್ಕವು. ಹಾಗಾಗಿ ಕೇಳಿದ್ದು ಒಳ್ಳೆಯದಾಯಿತು.

ಆದರೆ ಆಕಾಶವನ್ನು ಅನುಮಾನಿಸುವ ಮೊದಲು ಮೂರು ವಿಷಯ ನೋಡಿ ಹೇಳಿ. ಒಂದೇ ಒಂದು ಫ್ರೇಮ್ ತೆರೆದು ಚೆನ್ನಾಗಿ ಸ್ಟ್ರೆಚ್ ಮಾಡಿ (ಮಂಕಾದದ್ದೂ ಕಾಣುವಂತೆ ಹೊಳಪು ಹೆಚ್ಚಿಸಿ), ದೊಡ್ಡದು ಮಾಡಿ ನೋಡಿದರೆ ತಲೆ ದುಂಡಗಿದೆಯಾ? ಸ್ಟ್ಯಾಕ್‌ನಲ್ಲಿ ಆ ಕಡ್ಡಿ ನಕ್ಷತ್ರದ ಜೋಡಿ ಚುಕ್ಕಿಗಳು ಇರುವ ದಿಕ್ಕಿನಲ್ಲೇ ಇದೆಯಾ, ಬೇರೆ ಕಡೆಗೆ ತಿರುಗಿದೆಯಾ? ಕಾಮೆಟ್ ರಿಜಿಸ್ಟ್ರೇಷನ್ ಮಾಡುವಾಗ ಅದು ಗಂಟೆಗೆ ಇಷ್ಟು ಪಿಕ್ಸೆಲ್ ಅಂತ ವೇಗ ತೋರಿಸುತ್ತದೆ, ನಿಮಗೆ ಎಷ್ಟು ಬಂತು?

ಹಾಸನ

ಮೇಡಂ, ಈಗಷ್ಟೇ ನೋಡಿದೆ. ಒಂದು ಫ್ರೇಮಿನಲ್ಲಿ ತಲೆ ದುಂಡಗೇ ಇದೆ. ಬೂದು ಬಣ್ಣದ ಸಣ್ಣ ಮಚ್ಚೆ, ನಡುವೆ ಚೂರು ಹೊಳಪು. ಮೊದಲ ಫ್ರೇಮ್, ಕೊನೆಯ ಫ್ರೇಮ್ ಎರಡರಲ್ಲೂ ಹಾಗೇ. ಕಡ್ಡಿ ನಕ್ಷತ್ರದ ಜೋಡಿ ಚುಕ್ಕಿಗಳು ಇರುವ ದಿಕ್ಕಿನಲ್ಲೇ ಇದೆ. ವೇಗ ಅಡ್ಡ, ಉದ್ದ ಎರಡೂ ಕಡೆ 0.00 ಅಂತ ಬಂದಿದೆ. ಅದನ್ನು ನಾನು ಗಮನಿಸಿಯೇ ಇರಲಿಲ್ಲ.

ಮಂಗಳೂರಿನ ಸದಸ್ಯೆ

ಹಾಗಾದರೆ ಧೂಮಕೇತುವಿಗೆ ಏನೂ ಆಗಿಲ್ಲ, ನೆಮ್ಮದಿಯಾಗಿರಿ. ತಪ್ಪು ಆ ಸೊನ್ನೆಯಲ್ಲಿದೆ.

ಲೆಕ್ಕ ನೋಡಿ. ನಿಮ್ಮ ಕ್ಯಾಮೆರಾದ ಪಿಕ್ಸೆಲ್ ಸುಮಾರು 4.3 ಮೈಕ್ರಾನ್ ಇರುತ್ತದೆ. 200 ಎಂಎಂ ಲೆನ್ಸ್ ಹಾಕಿದರೆ ಒಂದು ಪಿಕ್ಸೆಲ್ ಅಂದರೆ ಸುಮಾರು 4.4 ಆರ್ಕ್‌ಸೆಕೆಂಡ್. (ಒಂದು ಡಿಗ್ರಿಗೆ 60 ಆರ್ಕ್‌ಮಿನಿಟ್, ಒಂದು ಆರ್ಕ್‌ಮಿನಿಟ್‌ಗೆ 60 ಆರ್ಕ್‌ಸೆಕೆಂಡ್.) ಅಕ್ಟೋಬರ್ ಮಧ್ಯದಲ್ಲಿ ಎ3 ನಮ್ಮ ಹತ್ತಿರ ಇದ್ದಾಗ ದಿನಕ್ಕೆ ಹಲವು ಡಿಗ್ರಿ ಓಡುತ್ತಿತ್ತು. ಈಗ ನಿಧಾನವಾಗಿದೆ, ದಿನಕ್ಕೆ ಒಂದು ಡಿಗ್ರಿಗೂ ಸ್ವಲ್ಪ ಕಡಿಮೆ. ಗಂಟೆಗೆ ಹೆಚ್ಚೂಕಡಿಮೆ 2 ಆರ್ಕ್‌ಮಿನಿಟ್ ಅಂತ ಇಟ್ಟುಕೊಳ್ಳಿ. ನಿಮ್ಮ ಚಿತ್ರದಲ್ಲಿ ಅದು ಗಂಟೆಗೆ ಸುಮಾರು 27 ಪಿಕ್ಸೆಲ್ ಆಗುತ್ತದೆ. 30 ಸೆಕೆಂಡಿನಲ್ಲಿ ಕಾಲು ಪಿಕ್ಸೆಲ್ಲೂ ಇಲ್ಲ, ಅದಕ್ಕೇ ಒಂದೊಂದು ಫ್ರೇಮಿನಲ್ಲಿ ತಲೆ ದುಂಡಗಿದೆ. ನೀವು ಶಟರ್ ಓಡಿಸಿದ್ದು ಬ್ಯಾಟರಿ ಸಮಯ ಬಿಟ್ಟು ಒಟ್ಟು 35 ನಿಮಿಷ. ಅಷ್ಟರಲ್ಲಿ 15–16 ಪಿಕ್ಸೆಲ್ ಸರಿದಿರುತ್ತದೆ. ನಿಮ್ಮ ಕಡ್ಡಿಯ ಉದ್ದ 20, ಅದರಲ್ಲಿ ತಲೆಯ ಅಗಲ 5 ಕಳೆದರೆ 15. ಸರಿಹೋಯಿತು ಅಲ್ವಾ? ಅಂದರೆ ಎರಡು ಕಂತಿನಲ್ಲೂ ಧೂಮಕೇತುವಿನ ಮೇಲೆ ಅಲೈನ್ ಆಗಿಯೇ ಇಲ್ಲ.

ಸಿರಿಲ್ ಪ್ರತಿ ಫ್ರೇಮಿನಲ್ಲೂ ತಲೆ ಎಲ್ಲಿದೆ ಅಂತ ಹುಡುಕುವುದಿಲ್ಲ. ನೀವು ಗುರುತಿಸಿದ ಎರಡು ಜಾಗ ತೆಗೆದುಕೊಳ್ಳುತ್ತದೆ. ಆ ಎರಡು ಫ್ರೇಮಿನ ಸಮಯ ನೋಡುತ್ತದೆ. ವೇಗ ಲೆಕ್ಕ ಹಾಕಿ ನಡುವಿನ ಫ್ರೇಮುಗಳನ್ನು ಅವುಗಳ ಸಮಯಕ್ಕೆ ತಕ್ಕಂತೆ ಸರಿಸುತ್ತದೆ. ಸಮಯ ತಪ್ಪಾದರೆ ಎಲ್ಲವೂ ತಪ್ಪು. ನಕ್ಷತ್ರಗಳ ಅಲೈನ್‌ಮೆಂಟ್‌ಗೆ ಗಡಿಯಾರ ಬೇಕಿಲ್ಲ, ಅದಕ್ಕೇ ಮೊದಲ ಹಂತದಲ್ಲಿ ನಿಮಗೆ ಏನೂ ಗೊತ್ತಾಗಲಿಲ್ಲ.

34ನೇ ಫ್ರೇಮಿನ ತಾರೀಕು, 35ನೇ ಫ್ರೇಮಿನ ತಾರೀಕು ಎರಡನ್ನೂ ನೋಡಿ ಹೇಳಿ.

ಹಾಸನ

ಅಯ್ಯೋ. 34ನೇದು ನವೆಂಬರ್ 3, 2024, ಸಂಜೆ 7.24. 35ನೇದು 2011ರ ಜನವರಿ 1, ಬೆಳಗಿನ ಜಾವ 12.01.

ಈಗ ನೆನಪಾಯಿತು. ಬ್ಯಾಟರಿ ಹಾಕಿದಾಗ ಪರದೆ ಮೇಲೆ ಏನೋ ಕೇಳಿತು. ಕತ್ತಲಲ್ಲಿ ಕಣ್ಣು ಕುಕ್ಕುತ್ತಿತ್ತು, ಧೂಮಕೇತು ತೆಂಗಿನ ಮರದ ಕಡೆ ಇಳಿಯುತ್ತಿತ್ತು. ಓಕೆ ಒತ್ತಿ ಮುಂದೆ ಹೋದೆ.

ಮಂಗಳೂರಿನ ಸದಸ್ಯೆ

ಅದೇ. ದೊಡ್ಡ ಬ್ಯಾಟರಿ ತೆಗೆದಾಗ ಗಡಿಯಾರ ನಡೆಸಲು ಕ್ಯಾಮೆರಾ ಒಳಗೆ ಒಂದು ಚಿಕ್ಕ ಸೆಲ್ ಇರುತ್ತದೆ. ಹಳೇ ಕ್ಯಾಮೆರಾಗಳಲ್ಲಿ ಅದು ಸತ್ತಿರುತ್ತದೆ. ನಿಮ್ಮ ಧೂಮಕೇತು 42 ನಿಮಿಷದಲ್ಲಿ ಸರಿದ 19 ಪಿಕ್ಸೆಲ್ಲನ್ನು ಸಿರಿಲ್ ಹದಿಮೂರು ಚಿಲ್ಲರೆ ವರ್ಷಕ್ಕೆ, ಅಂದರೆ 1 ಲಕ್ಷ 20 ಸಾವಿರ ಗಂಟೆಗೆ ಹಂಚಿಬಿಟ್ಟಿದೆ. ಅದಕ್ಕೇ 0.00. ಎರಡನೇ ಕಂತಿನ ಫ್ರೇಮುಗಳನ್ನು ಮಾತ್ರ ಒಟ್ಟಿಗೆ 19 ಪಿಕ್ಸೆಲ್ ಸರಿಸಿದೆ, ಅದಕ್ಕೇ ನಕ್ಷತ್ರಗಳು ಜೋಡಿಯಾದವು.

ಸರಿ ಮಾಡಲು ಎರಡು ದಾರಿ ಇವೆ. ಮುಖ್ಯವಾಗಿ, ಕ್ಯಾಮೆರಾದಿಂದ ಬ್ಯಾಟರಿ ತೆಗೆಯಬೇಡಿ, ತಾರೀಕನ್ನೂ ಸರಿ ಮಾಡಬೇಡಿ! ಅದೇ ತಪ್ಪು ಗಡಿಯಾರ ಈಗಲೂ ನಡೆಯುತ್ತಿದ್ದರೆ ಅದರಿಂದಲೇ ಉತ್ತರ ಸಿಗುತ್ತದೆ. ಫೋನಿನಲ್ಲಿ ಸೆಕೆಂಡು ತೋರಿಸುವ ಗಡಿಯಾರ ತೆರೆದು ಅದೇ ಕ್ಯಾಮೆರಾದಲ್ಲಿ ಫೋಟೋ ತೆಗೆಯಿರಿ. ಚಿತ್ರದಲ್ಲಿ ಕಾಣುವ ಸಮಯ ನಿಜವಾದದ್ದು, ಫೈಲಿನಲ್ಲಿ ಬರೆದ ಸಮಯ ತಪ್ಪು. ಎರಡರ ವ್ಯತ್ಯಾಸವನ್ನು ಎಕ್ಸಿಫ್‌ಟೂಲ್ ಎಂಬ ಉಚಿತ ತಂತ್ರಾಂಶದಿಂದ ಕೊನೆಯ 26 ಫೈಲಿಗೂ ಕೂಡಿಸಿ. ಮೂಲ ಫೈಲುಗಳ ಕಾಪಿ ಬೇರೆ ಕಡೆ ಇಟ್ಟುಕೊಂಡು ಮಾಡಿ. ಆಮೇಲೆ ರಾ ಫೈಲುಗಳನ್ನು ಸಿರಿಲ್‌ನಲ್ಲಿ ಮತ್ತೆ ಕನ್ವರ್ಟ್ ಮಾಡಲೇಬೇಕು, ಯಾಕೆಂದರೆ ಸಿರಿಲ್ ಮೊದಲು ಕನ್ವರ್ಟ್ ಮಾಡಿಟ್ಟ ಹಳೇ ಫಿಟ್ಸ್ ಫೈಲುಗಳಲ್ಲಿ ಹಳೇ ತಾರೀಕೇ ಕೂತಿರುತ್ತದೆ. ಈ ಕೊನೆಯ ಹಂತವನ್ನು ತುಂಬಾ ಜನ ಮರೆಯುತ್ತಾರೆ.

ಅದು ಆಗದಿದ್ದರೆ 34 ಫ್ರೇಮ್ ಒಂದು ಸೀಕ್ವೆನ್ಸ್, 26 ಫ್ರೇಮ್ ಇನ್ನೊಂದು ಸೀಕ್ವೆನ್ಸ್ ಮಾಡಿ. ಒಂದೊಂದರ ಒಳಗೂ ಗಡಿಯಾರ ಸರಿಯಾಗೇ ನಡೆದಿದೆ. ಬೇರೆಬೇರೆಯಾಗಿ ಸ್ಟ್ಯಾಕ್ ಮಾಡಿ, ಬಂದ ಎರಡು ಚಿತ್ರಗಳನ್ನು ತಲೆಯ ಮೇಲೆ ತಲೆ ಬರುವಂತೆ ಕೂಡಿಸಬಹುದು.

ಉತ್ತರ – ಮೈಸೂರಿನ ಹಿರಿಯ ವೀಕ್ಷಕ

ನಾನು ಫೋಟೋ ತೆಗೆಯುವವನಲ್ಲ, ಬೈನಾಕ್ಯುಲರ್ ಹಿಡಿದು ನೋಡುವವನು. 1986ರ ಹ್ಯಾಲಿ ಕಾಲದಿಂದ ಇದೇ ಅಭ್ಯಾಸ. ಈ ಚರ್ಚೆ ಓದಿ ತುಂಬಾ ಖುಷಿಯಾಯಿತು.

ನಿನ್ನೆ ಸಂಜೆ ನಾನೂ ನೋಡಿದೆ, 10x50ರಲ್ಲಿ. ತಲೆ ದುಂಡಗೇ ಇದೆ. ಬರಿಗಣ್ಣಿಗೆ ನನಗೆ ಸಿಗಲಿಲ್ಲ. ನನ್ನ ಅಂದಾಜಿನಲ್ಲಿ ಹೊಳಪು (ಕಾಂತಿಮಾನ, ಅಂಕಿ ಹೆಚ್ಚಿದಷ್ಟೂ ಮಂಕು) 6ಕ್ಕೂ 6.5ಕ್ಕೂ ನಡುವೆ. ಸೆಪ್ಟೆಂಬರ್ 27ರಂದು ಸೂರ್ಯನ ಹತ್ತಿರ ಹೋಗಿ ಬಂತು, ಅಕ್ಟೋಬರ್ 12ಕ್ಕೆ ನಮಗೆ ಸುಮಾರು 7 ಕೋಟಿ ಕಿಲೋಮೀಟರ್ ದೂರದಲ್ಲಿತ್ತು. ಈಗ ಇಬ್ಬರಿಂದಲೂ ದೂರ ಸರಿಯುತ್ತಿದೆ. ಮಂಕಾಗಲೇಬೇಕು.

ಹೊಸಬರಿಗೆ ಒಂದು ಮಾತು. ಪಟ್ಟಿಯಲ್ಲಿ 6 ಅಂತ ಬರೆದಿದ್ದರೆ ಅದು ಆರನೇ ಕಾಂತಿಮಾನದ ನಕ್ಷತ್ರದ ಹಾಗೆ ಚುಕ್ಕಿಯಾಗಿ ಕಾಣುವುದಿಲ್ಲ. ಅಷ್ಟು ಬೆಳಕನ್ನು ಒಂದು ಅಗಲವಾದ ಮಚ್ಚೆಗೆ ಹರಡಿದರೆ ಹೇಗೋ ಹಾಗೆ. ಒಂದು ಚಮಚ ಹಾಲನ್ನು ಲೋಟದ ನೀರಿಗೆ ಹಾಕಿದರೆ ಕಾಣುತ್ತದೆ, ಬಕೆಟ್ ನೀರಿಗೆ ಹಾಕಿದರೆ ಕಾಣುವುದಿಲ್ಲ. ಹೊಳಪು ಅಳೆಯಬೇಕಾದರೆ ನಾವು ಬೈನಾಕ್ಯುಲರ್ ಫೋಕಸ್ ಕೆಡಿಸುತ್ತೇವೆ. ನಕ್ಷತ್ರವೂ ಧೂಮಕೇತುವಿನಷ್ಟೇ ಅಗಲದ ಮಚ್ಚೆ ಆಗುವವರೆಗೆ ಕೆಡಿಸಿ, ಆಮೇಲೆ ಎರಡನ್ನೂ ಹೋಲಿಸುತ್ತೇವೆ.

ಇನ್ನೊಂದು, ಈಗ ದೀಪಾವಳಿ ಹೊಗೆ ಇನ್ನೂ ಇಳಿದಿಲ್ಲ. ಪಶ್ಚಿಮದಲ್ಲಿ ಕೆಳಗೆ ಇಳಿದಷ್ಟೂ ಮಂಕು. ಉರಗಧರ ನಕ್ಷತ್ರಪುಂಜದಲ್ಲಿರುವ ಈ ಧೂಮಕೇತು ಒಂಬತ್ತರ ಹೊತ್ತಿಗೆ ಮುಳುಗಿಬಿಡುತ್ತದೆ. ಪೂರ್ತಿ ಕತ್ತಲಾದ ಮೊದಲ ಅರ್ಧ ಗಂಟೆಯೇ ಚಿನ್ನ. ಚಂದ್ರನೂ ದಿನದಿನ ಬೆಳೆಯುತ್ತಾನೆ, ಹಾಗಾಗಿ ಮತ್ತೆ ತೆಗೆಯುವುದಿದ್ದರೆ ಈ ಎರಡು ಮೂರು ದಿನದಲ್ಲೇ ತೆಗೆಯಿರಿ.

ಹಾಸನ, ನವೆಂಬರ್ 5

ಆಯಿತು! ಫೋನಿನ ಗಡಿಯಾರದ ಫೋಟೋ ತೆಗೆದೆ, ವ್ಯತ್ಯಾಸ ಕೂಡಿಸಿದೆ, ಮತ್ತೆ ಕನ್ವರ್ಟ್ ಮಾಡಿದೆ. ಈ ಸಲ ವೇಗ ಗಂಟೆಗೆ 26 ಪಿಕ್ಸೆಲ್ ಬಂತು. ತಲೆ ದುಂಡಗೆ, ನಡುವೆ ಸೂಜಿಮೊನೆಯಷ್ಟು ಹೊಳಪು. ನೋಡಿ ಕೈ ನಡುಗಿತು.

ಆದರೆ ಈಗ ಬಾಲ ಇಲ್ಲ. ಬರೀ ಸ್ಟ್ಯಾಕ್‌ನಲ್ಲಿ ತೆಳ್ಳಗೆ ಕಾಣುತ್ತಿತ್ತು. ಕೆಳಗಡೆ ಊರಿನ ದೀಪದ ಕಂದು ಬೆಳಕು ಇತ್ತು, ಅದನ್ನು ಕಳೆಯಲು ಬ್ಯಾಕ್‌ಗ್ರೌಂಡ್ ಎಕ್ಸ್‌ಟ್ರಾಕ್ಷನ್ ಮಾಡಿದೆ. ಬೆಳಕಿನ ಜೊತೆ ಬಾಲವೂ ಹೋಯಿತು.

ಮಂಗಳೂರಿನ ಸದಸ್ಯೆ

ಬಾಲ ಹೋಗಿಲ್ಲ, ನೀವೇ ಕಳೆದಿದ್ದೀರಿ. ಆ ಟೂಲ್ ಚಿತ್ರದ ತುಂಬ ಸಣ್ಣ ಚೌಕಗಳನ್ನು ಇಟ್ಟು, ಅಲ್ಲಿರುವುದೆಲ್ಲ ಖಾಲಿ ಆಕಾಶ ಅಂತ ನಂಬುತ್ತದೆ. ಬಾಲದ ಮೇಲೂ ಚೌಕ ಕೂತಿರುತ್ತದೆ. ಮಂಕಾದ ಬಾಲಕ್ಕೂ ಊರಿನ ಬೆಳಕಿಗೂ ಅದಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಮೊದಲು ಬರೀ ಸ್ಟ್ಯಾಕನ್ನು ಜೋರಾಗಿ ಸ್ಟ್ರೆಚ್ ಮಾಡಿ ಬಾಲ ಎಲ್ಲಿಯವರೆಗೆ ಹೋಗಿದೆ ನೋಡಿಕೊಳ್ಳಿ. ಆ ಪಟ್ಟಿಯಲ್ಲೂ ಅದರ ಅಕ್ಕಪಕ್ಕವೂ ಇರುವ ಚೌಕಗಳನ್ನು ಒಂದೊಂದಾಗಿ ಅಳಿಸಿ. ತಲೆಯ ಸುತ್ತ ಇನ್ನೂ ಧಾರಾಳವಾಗಿ ಅಳಿಸಿ, ಕೋಮಾ (ತಲೆಯ ಸುತ್ತಲಿನ ಮಬ್ಬು) ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಹರಡಿರುತ್ತದೆ. ಟೂಲ್‌ನಲ್ಲಿ ಪಾಲಿನೋಮಿಯಲ್ ಡಿಗ್ರಿ (ಹಿನ್ನೆಲೆಯ ಲೆಕ್ಕ ಎಷ್ಟು ಬಗ್ಗಬಹುದು ಅನ್ನುವ ಅಂಕಿ) 1 ಇಡಿ. 4 ಇಟ್ಟರೆ ಅದು ಬಾಲದ ಆಕಾರಕ್ಕೇ ಬಗ್ಗಿಬಿಡುತ್ತದೆ. ಮೂಲೆಗಳ ಕಪ್ಪು ಹೋಗಿಸಲು ಇದನ್ನು ಬಳಸಬೇಡಿ, ಅದಕ್ಕೆ ಫ್ಲಾಟ್ ಫ್ರೇಮ್ (ಸಮನಾದ ಬೆಳಕಿನ ಫೋಟೋ) ತೆಗೆಯಿರಿ. ಲೆನ್ಸ್ ಮುಂದೆ ಬಿಳಿ ಬನಿಯನ್ ಬಟ್ಟೆ ಬಿಗಿದು ಬೆಳಗಿನ ಆಕಾಶಕ್ಕೆ ಹಿಡಿದರೆ ಸಾಕು. ಫೋಕಸ್ ಮಾತ್ರ ಅಲುಗಾಡಿರಬಾರದು.

ನಕ್ಷತ್ರದ ಗೆರೆಗಳು ಅಡ್ಡ ಬರುತ್ತಿದ್ದರೆ ಕಾಮೆಟ್ ಸ್ಟ್ಯಾಕನ್ನು ಮೀಡಿಯನ್‌ನಲ್ಲಿ (ಎಲ್ಲ ಫ್ರೇಮುಗಳ ನಡುವಿನ ಬೆಲೆ ತೆಗೆದುಕೊಳ್ಳುವ ವಿಧಾನ) ಮಾಡಿ ನೋಡಿ. ಒಂದೊಂದು ಜಾಗದಲ್ಲಿ ನಕ್ಷತ್ರ ಕೆಲವೇ ಫ್ರೇಮಿನಲ್ಲಿ ಇರುತ್ತದೆ, ಹಾಗಾಗಿ ಬಹುಪಾಲು ಅಳಿಸಿಹೋಗುತ್ತದೆ. ದೊಡ್ಡ ನಕ್ಷತ್ರಗಳ ಗೆರೆ ಸ್ವಲ್ಪ ಉಳಿಯುತ್ತದೆ, ಇರಲಿ ಬಿಡಿ.

ಹಾಸನ, ಅದೇ ರಾತ್ರಿ

ಚೌಕಗಳನ್ನು ಅಳಿಸಿದೆ, ಹದಿನಾಲ್ಕು ಇದ್ದವು ಬಾಲದ ಮೇಲೆ. ಡಿಗ್ರಿ 1 ಇಟ್ಟೆ. ಬಾಲ ಬಂತು. ಗಾಜಿನ ಮೇಲೆ ಊದಿದ ಉಸಿರಿನಷ್ಟು ತೆಳ್ಳಗಿದೆ, ಆದರೆ ಇದೆ. ಮೇಲಕ್ಕೆ, ಸೂರ್ಯ ಮುಳುಗಿದ ಕಡೆಯಿಂದ ಆಚೆಗೆ ಚಾಚಿದೆ.

ಅಜ್ಜಿಗೆ ತೋರಿಸಿದೆ. ಅಕ್ಟೋಬರ್‌ನಲ್ಲಿ ಮೋಡ ಒಂದು ಸಂಜೆ ಬಿಟ್ಟಾಗ ಅಜ್ಜಿ ಅಂಗಳದಲ್ಲಿ ನಿಂತು ಬರಿಗಣ್ಣಿನಲ್ಲೇ ನೋಡಿದ್ದರು. ಲ್ಯಾಪ್‌ಟಾಪ್ ಹತ್ತಿರ ಮುಖ ತಂದು, "ಇದು ಅದೇ ಬಾಲಚುಕ್ಕಿಯಾ? ಎಷ್ಟು ಸೊರಗಿದೆ ಪಾಪ" ಅಂದರು.

ಮೇಡಂ, ಸರ್, ಇಬ್ಬರಿಗೂ ತುಂಬಾ ಧನ್ಯವಾದ. ಕ್ಯಾಮೆರಾ ತಾರೀಕು ಈಗ ಸರಿ ಮಾಡಿದ್ದೇನೆ. ನಾಳೆ ಮೋಡ ಇಲ್ಲದಿದ್ದರೆ ತುಂಬಿದ ಬ್ಯಾಟರಿ ಹಾಕಿಕೊಂಡು, ಮೊದಲ ಫ್ರೇಮೇ ಫೋನ್ ಗಡಿಯಾರದ್ದು ತೆಗೆದು ಶುರು ಮಾಡುತ್ತೇನೆ.

ಮೈಸೂರಿನ ಹಿರಿಯ ವೀಕ್ಷಕ

ನಾಳೆ ತೆಗೆದರೆ ಶುರು ಮಾಡಿದ ಸಮಯ, ಮುಗಿಸಿದ ಸಮಯ ಎರಡನ್ನೂ ಬರೆದು ಇಲ್ಲೇ ಹಾಕಿ. ನಾನೂ ಅದೇ ಹೊತ್ತಿಗೆ ಬೈನಾಕ್ಯುಲರ್‌ನಲ್ಲಿ ಅಂದಾಜು ಮಾಡುತ್ತೇನೆ, ಪಕ್ಕಪಕ್ಕ ಇಟ್ಟು ನೋಡೋಣ. ಅಜ್ಜಿಗೆ ನನ್ನ ನಮಸ್ಕಾರ ತಿಳಿಸಿ.