ಸಹಾಯ ಬೇಕು: ವಿಮಾನದಿಂದ ತೆಗೆದ ಸಮುದ್ರದ ಚಿತ್ರದಲ್ಲಿ ಬಿಸಿಲಿನ ಹೊಳಪು

ಎಲ್ಲರಿಗೂ ನಮಸ್ಕಾರ. ಹವಾಯಿಯ ಹವಳದ ದಿಬ್ಬಗಳ ಮೇಲೆ ನಾಸಾದವರು 2017ರಲ್ಲಿ ವಿಮಾನ ಹಾರಿಸಿ, ಪ್ರಿಸಮ್ (PRISM) ಎಂಬ, ಬೆಳಕನ್ನು ಹಲವು ಬಣ್ಣಗಳಾಗಿ ಬಿಡಿಸಿ ಅಳೆಯುವ ಸಂವೇದಕದಿಂದ ತೆಗೆದ ಚಿತ್ರಗಳ ಮೇಲೆ ಕೆಲಸ ಮಾಡುತ್ತಿದ್ದೇನೆ. 350ರಿಂದ 1050 ನ್ಯಾನೋಮೀಟರ್‌ವರೆಗಿನ ಬೆಳಕು ಅದರಲ್ಲಿದೆ.

ತೊಂದರೆ ಇರುವುದು ಬಿಸಿಲಿನ ಹೊಳಪಿನಲ್ಲಿ. ಅಲೆಗಳ ಒಂದು ಬದಿ ಕನ್ನಡಿಯ ಹಾಗೆ ಬೆಳಗಿ, ಕೆಳಗಿನ ಹವಳವೂ ಮರಳೂ ಚಿತ್ರದಲ್ಲಿ ಒಂದೇ ಥರ ಬೆಳ್ಳಗೆ ಕಾಣುತ್ತಿವೆ. ಆಳದ ತಿಳಿನೀರು ಅವಕೆಂಪು (ಕೆಂಪಿನಾಚೆಯ, ಕಣ್ಣಿಗೆ ಕಾಣದ) ಬೆಳಕನ್ನು ಹೀರಿಬಿಡುವುದರಿಂದ, ಅಲ್ಲಿ ಆ ಬೆಳಕು ಕಂಡರೆ ಹೊಳಪೆಂದೇ ಹಿಡಿದು ಕಳೆಯಬಹುದು. ಆದರೆ ಮೊಣಕಾಲುದ್ದದ ನೀರಿನಲ್ಲಿ ಹವಳವೂ ಒಂದಿಷ್ಟು ಅವಕೆಂಪನ್ನು ಹಿಂದಿರುಗಿಸುತ್ತದೆ. ಹೊಳಪು ಕಳೆಯಹೋದರೆ ಹವಳದ ಬಣ್ಣವೂ ಹೋಗುತ್ತಿದೆ! ಹವಳ ಬಿಳಿಚಿದೆಯೋ (ನಿಜಕ್ಕೂ ಬಣ್ಣ ಕಳೆದುಕೊಂಡಿದೆಯೋ) ಇಲ್ಲವೋ ಎಂದು ಹೇಳಬೇಕಾದದ್ದೇ ಆ ಬಣ್ಣ.

ಆಳವಿಲ್ಲದ ನೀರಿನಲ್ಲಿ ಹೊಳಪು ಕಳೆಯಲು ಯಾವ ತರಂಗಾಂತರ ಹಿಡಿಯಬೇಕು? ಈ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ.