ಪದಚರ್ಚೆ: ‘ರೆಪ್ಲಿಕಾ ಕಾರು’, ‘ಸೆಲ್ಫ್ ರೆಗ್ಯುಲೇಶನ್’ – ಕನ್ನಡದಲ್ಲಿ ಏನೆನ್ನೋಣ?

ಬಳಗದ ಎಲ್ಲರಿಗೂ ಶಿವಮೊಗ್ಗದಿಂದ ನಮಸ್ಕಾರ.

ಹಳೆಯ ಕಾರು, ಜೀಪುಗಳ ರೂಪದಲ್ಲಿ ಸ್ವಂತವಾಗಿ ವಾಹನ ಕಟ್ಟುವ ಆಸಕ್ತರಿಗಾಗಿ ಕನ್ನಡದಲ್ಲೊಂದು ಕೈಪಿಡಿ ಬರೆಯುತ್ತಿದ್ದೇನೆ. ಎರಡು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು.

ಮೊದಲನೆಯದು ರೆಪ್ಲಿಕಾ, ಅಂದರೆ ಹಳೆಯ ವಾಹನದ ರೂಪದಲ್ಲೇ ಹೊಸದಾಗಿ ಕಟ್ಟಿದ್ದು. ‘ಪ್ರತಿಕೃತಿ’ ಸರಿಯಾದ ಪದವೇ, ಆದರೆ ಪತ್ರಿಕೆ ಓದುವವರಿಗೆ ಅದರ ಹಿಂದೆಯೇ ‘ದಹನ’ ನೆನಪಾಗುತ್ತದೆ. ‘ನಕಲು’ ಬೇಡವೇ ಬೇಡ. ನಕಲಿ ಆರ್‌ಸಿ, ನಕಲಿ ಚಾಸಿ (ವಾಹನದ ಅಡಿಚೌಕಟ್ಟು) ನಂಬರಿನವರ ಸಾಲಿಗೆ ಪ್ರಾಮಾಣಿಕ ಕೆಲಸಗಾರನನ್ನು ತಳ್ಳಿದಂತಾಗುತ್ತದೆ. ‘ಮಾದರಿ’ಯನ್ನೂ ಬಿಟ್ಟಿದ್ದೇನೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 126ನೇ ನಿಯಮದಂತೆ ತಯಾರಕರು ಪುಣೆಯ ಎಆರ್‌ಎಐನಂಥ ವಾಹನ ಪರೀಕ್ಷಾ ಸಂಸ್ಥೆಯಲ್ಲಿ ಪರೀಕ್ಷೆಗೆ ಒಡ್ಡಬೇಕಾದ ಪ್ರೊಟೊಟೈಪಿಗೆ (ತಯಾರಿಕೆಗೆ ಮುಂಚಿನ ಮೊದಲ ವಾಹನಕ್ಕೆ) ಆ ಪದ ಬೇಕಾಗುತ್ತದೆ. ನನ್ನ ಒಲವು ‘ತದ್ರೂಪಿ’ಯ ಕಡೆಗೆ. ಹೋಲಿಕೆ ಹೊರರೂಪದ್ದು, ಒಳಗಿನ ಎಂಜಿನ್ನು ಬ್ರೇಕು ಬೇರೆಯಿರಬಹುದು ಎಂಬುದು ಅದರಲ್ಲಿ ತಾನಾಗಿಯೇ ಬರುತ್ತದೆ.

ನಮ್ಮ ಗ್ಯಾರೇಜುಗಳಲ್ಲಿ ಲಾರಿಗಾಗಲಿ ಜೀಪಿಗಾಗಲಿ ‘ಬಾಡಿ ಕಟ್ಟೋದು’ ಎನ್ನುತ್ತಾರೆ. ಕ್ರಿಯಾಪದ ಅದೇ ಇರಲಿ. ಆದರೆ ‘ಕಟ್ಟುವುದು’, ‘ಮಾರ್ಪಡಿಸುವುದು’ ಎರಡನ್ನೂ ಒಂದೇ ಅರ್ಥದಲ್ಲಿ ಬಳಸಿದರೆ ಓದುಗರು ತೊಂದರೆಗೆ ಸಿಕ್ಕಿಕೊಳ್ಳುತ್ತಾರೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮಾರ್ಪಾಡಿನ ಕುರಿತದ್ದು. ನೋಂದಣಿ ಪತ್ರದ ವಿವರಗಳು ತಯಾರಕರು ಮೊದಲು ಹೇಳಿದ್ದಕ್ಕಿಂತ ಬೇರೆಯಾಗುವಂತೆ ಮಾಲೀಕರು ವಾಹನವನ್ನು ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಹಳೇ ಜೀಪಿನ ಚಾಸಿಯ ಮೇಲೆ ಬೇರೆ ಬಾಡಿ ಕೂರಿಸಿದರೆ ಅದು ಮಾರ್ಪಾಡು. ಚಾಸಿಯನ್ನೇ ಹೊಸದಾಗಿ ಬೆಸೆದು ಕಟ್ಟಿದರೆ, ಮಾರ್ಪಾಡು ಅನ್ನಲು ಮೂಲ ವಾಹನವೇ ಇರುವುದಿಲ್ಲ. ಬ್ರಿಟನ್ನಿನಲ್ಲಿ ವಾಹನವನ್ನು ರಸ್ತೆಗಿಳಿಸುವ ಮುಂಚೆ ನಡೆಸುವ ಐವಿಎ ಪರೀಕ್ಷೆಯಲ್ಲಿ ಇಂಥದಕ್ಕೆ ‘ಅಮೆಚೂರ್ ಬಿಲ್ಟ್’ ಎಂಬ ಪ್ರತ್ಯೇಕ ವರ್ಗವಿದೆ, ಒಂದೊಂದು ವಾಹನವನ್ನೂ ಬೇರೆಯಾಗಿ ತಪಾಸಿಸುತ್ತಾರೆ. ಅದನ್ನು ‘ಹವ್ಯಾಸಿ ಕಟ್ಟಿದ ವಾಹನ’ ಎಂದಿದ್ದೇನೆ. ಹವ್ಯಾಸಿ ನಾಟಕ ತಂಡ, ಹವ್ಯಾಸಿ ಯಕ್ಷಗಾನ ಮೇಳಗಳನ್ನು ಕಂಡ ಮಲೆನಾಡಿನವರಿಗೆ ಆ ಪದ ಕೀಳೆನಿಸದು.

ಹೆಚ್ಚು ಕಾಡುತ್ತಿರುವುದು ಎರಡನೆಯ ಪದ, ಸೆಲ್ಫ್ ರೆಗ್ಯುಲೇಶನ್. ಅಂದರೆ ಒಂದು ಕೆಲಸದವರು ಸೇರಿ ತಮಗೆ ತಾವೇ ನಿಯಮ ಹಾಕಿಕೊಳ್ಳುವುದು. ‘ಸ್ವಯಂ ನಿಯಂತ್ರಣ’ ಎಂದರೆ ಒಬ್ಬ ಮನುಷ್ಯ ತನ್ನ ಸಿಟ್ಟನ್ನೋ ನಾಲಿಗೆಯನ್ನೋ ಹಿಡಿತದಲ್ಲಿ ಇಟ್ಟುಕೊಳ್ಳುವುದು ಎಂದೇ ಕೇಳಿಸುತ್ತದೆ. ಇಲ್ಲಿ ಹೇಳಬೇಕಾದ್ದು ಅದಲ್ಲ. ನ್ಯೂಜಿಲೆಂಡಿನಲ್ಲಿ ವಾಹನ ಕಟ್ಟುವವರ ಸಂಘಗಳು ಸೇರಿ ಎಲ್‌ವಿವಿಟಿಎ ಎಂಬ ಸಂಸ್ಥೆಯ ಮೂಲಕ ತಾಂತ್ರಿಕ ನಿಯಮಗಳನ್ನು ರೂಪಿಸಿಕೊಂಡಿವೆ. ಸರ್ಕಾರದ ಕಾನೂನು ಅವಕ್ಕೆ ಮಾನ್ಯತೆ ಕೊಟ್ಟಿದೆ. ತಪಾಸಣೆಯಲ್ಲಿ ಪಾಸಾದ ವಾಹನಕ್ಕೆ, ಪಾಸಾದುದರ ಗುರುತಾಗಿ ಒಂದು ಫಲಕ ಹಾಕುತ್ತಾರೆ. ಅಮೆರಿಕದ 2015ರ ಕಾನೂನು ಬೇರೆ ಬಗೆಯದು. ಅಲ್ಲಿ ಸಣ್ಣ ತಯಾರಕರು ವರ್ಷಕ್ಕೆ 325ರವರೆಗೆ ತದ್ರೂಪಿಗಳನ್ನು ಸುರಕ್ಷತೆಯ ಕೆಲವು ಮಾನದಂಡಗಳಿಲ್ಲದೆ ಮಾರಬಹುದು. ಅದು ಬರೀ ವಿನಾಯಿತಿ. ಕನ್ನಡದಲ್ಲಿ ಈ ಎರಡಕ್ಕೂ ಒಂದೇ ಪದ ಬೀಳಬಾರದು.

ಆಗುಂಬೆ ಘಾಟಿಯ ತಿರುವಿನಲ್ಲಿ ಸ್ಟೀರಿಂಗಿನ ಬೆಸುಗೆ ಬಿಟ್ಟರೆ ಕಟ್ಟಿದವನ ಜೀವದ ಜೊತೆಗೆ ಎದುರು ಬರುವವರ ಜೀವವೂ ಹೋಗಬಹುದು. ಆದ್ದರಿಂದ ‘ಸ್ವಯಂ’ಗಿಂತ ‘ಸಂಘ’ಕ್ಕೆ ಒತ್ತು ಬೀಳಬೇಕು ಅನ್ನಿಸುತ್ತದೆ. ‘ಸಂಘದ ಕಟ್ಟುಪಾಡು’ ಎಂದು ಬರೆದಿಟ್ಟಿದ್ದೇನೆ. ಕಟ್ಟುಪಾಡಿಗೆ ಜಾತಿ, ಬಹಿಷ್ಕಾರಗಳ ನೆನಪು ಅಂಟಿಕೊಂಡಿದೆ ಎಂದು ಕೆಲವರಿಗೆ ಅನ್ನಿಸಬಹುದು. ‘ಸಂಘ ನಿಯಮನ’ದಲ್ಲಿ ಆ ಕಳಂಕವಿಲ್ಲ, ಆದರೆ ಗ್ಯಾರೇಜಿನಲ್ಲಿ ಯಾರ ಬಾಯಿಗೂ ಹತ್ತುವ ಪದವಲ್ಲ. ನೀವಾದರೆ ಯಾವುದನ್ನು ಆರಿಸುತ್ತೀರಿ?

ಇನ್ನೊಂದು ವಿಚಾರ. ಹಲವು ಜೀಪುಗಳ ಬಿಡಿಭಾಗ ಸೇರಿಸಿ ಕಟ್ಟಿದ ಒಂದು ಜೀಪಿಗೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಹಳೇ ಮೆಕ್ಯಾನಿಕರು ಬಳಸುವ ಹೆಸರೇನಾದರೂ ಇದ್ದರೆ, ಅವರು ಹೇಳುವ ಹಾಗೆಯೇ ಬರೆದು ಕಳಿಸಿ.