ಸಹಾಯ ಬೇಕು: ಪ್ರಮಾಣಪತ್ರ ಸರಿಯಿದೆ, ತಪಾಸಣೆ ಮಾತ್ರ ತಪ್ಪೆನ್ನುತ್ತಿದೆ

ಶಿರಸಿಯ ಸಹಕಾರಿ ಸಂಘವೊಂದರ ಸರ್ವರ್‌ಗಳನ್ನು ನೋಡಿಕೊಳ್ಳುತ್ತೇನೆ. ಸಿಬ್ಬಂದಿಯ ಲಾಗಿನ್ ಎಲ್ಲವೂ ಫ್ರೀಐಪಿಎ (ಬಳಕೆದಾರರ ಗುರುತು ಮತ್ತು ಲಾಗಿನ್ ನಿರ್ವಹಿಸುವ ತಂತ್ರಾಂಶ) ಮೇಲೆ ನಡೆಯುತ್ತದೆ. ಪ್ಯಾಕೇಜ್‌ಗಳನ್ನು ನವೀಕರಿಸಿದಂದಿನಿಂದ ಅದರ ಆರೋಗ್ಯ ತಪಾಸಿಸುವ ಐಪಿಎ ಹೆಲ್ತ್‌ಚೆಕ್ ಒಂದೇ ರಾಗ ಹಾಡುತ್ತಿದೆ: ಓಸಿಎಸ್‌ಪಿ (ಪ್ರಮಾಣಪತ್ರ ರದ್ದಾಗಿದೆಯೇ ಎಂದು ತಿಳಿಸುವ ಸೇವೆ) ಸಹಿ ಪ್ರಮಾಣಪತ್ರ, ಪ್ರಮಾಣಪತ್ರ ನೀಡುವ ಭಾಗದ ಸಂರಚನೆ ಇರುವ ಸಿಎಸ್.ಸಿಎಫ್‌ಜಿ ಕಡತದಲ್ಲಿ ಇರುವುದಕ್ಕೆ ಹೊಂದುತ್ತಿಲ್ಲವಂತೆ. ಕಾರವಾರ ಶಾಖೆಯ ರೆಪ್ಲಿಕಾ (ಜೋಡಿ ಸರ್ವರ್) ಇನ್ನೂ ಹಳೆಯ ಆವೃತ್ತಿಯಲ್ಲಿದೆ, ಅದು ಚಕಾರವೆತ್ತುವುದಿಲ್ಲ.

ಪ್ರಮಾಣಪತ್ರಗಳ ಪಟ್ಟಿ ತೋರಿಸುವ ‘ಗೆಟ್‌ಸರ್ಟ್ ಲಿಸ್ಟ್’ ಆದೇಶ ಕೊಟ್ಟರೆ ಎಲ್ಲದರ ಸ್ಥಿತಿ ‘ಮಾನಿಟರಿಂಗ್’, ಅವಧಿ ಮುಗಿಯಲು ಇನ್ನೂ ದೂರ. ಹೊಸ ಪ್ರಮಾಣಪತ್ರ ಕೇಳಿದರೂ ತಕರಾರಿಲ್ಲದೆ ಸಿಗುತ್ತದೆ. ಕೊನೆಗೆ ಆ ಕಡತವನ್ನೇ ತೆರೆದೆ. ಓಸಿಎಸ್‌ಪಿ ಪ್ರಮಾಣಪತ್ರ ಇರಬೇಕಾದ ಸಾಲೇ ಅಲ್ಲಿಲ್ಲ. ಪ್ರಮಾಣಪತ್ರ ಮತ್ತು ಕೀಲಿಗಳನ್ನಿಡುವ ಎನ್‌ಎಸ್‌ಎಸ್ ಡೇಟಾಬೇಸ್‌ನಲ್ಲಿ ಆ ಪ್ರಮಾಣಪತ್ರ ಭದ್ರವಾಗಿದೆ. ಪ್ರಮಾಣಪತ್ರ ನೀಡುವ ಭಾಗವಾದ ಡಾಗ್‌ಟ್ಯಾಗ್ ಹೊಸ ಆವೃತ್ತಿಯಲ್ಲಿ ಅದನ್ನು ಕಡತಕ್ಕೆ ಬರೆಯುವುದನ್ನೇ ಬಿಟ್ಟಿದೆ, ತಪಾಸಣೆ ಇನ್ನೂ ಹಳೆಯ ಜಾಗದಲ್ಲೇ ತಡಕಾಡುತ್ತಿದೆ ಎಂಬುದು ನನ್ನ ಅನುಮಾನ.

ಸಾಲನ್ನು ಕೈಯಾರೆ ಸೇರಿಸಲು ಮನಸ್ಸಿಲ್ಲ. ಅದರಿಂದ ಡಾಗ್‌ಟ್ಯಾಗ್ ಓಡುವ ಪಿಕೆಐ ಟಾಮ್‌ಕ್ಯಾಟ್ ಸೇವೆ ಏಳದಿದ್ದರೆ, ಸೇವೆಗಳನ್ನು ಒಟ್ಟಿಗೆ ಆರಂಭಿಸುವ ಐಪಿಎ ಸಿಟಿಎಲ್ ಉಳಿದ ಸೇವೆಗಳನ್ನೂ ಮಲಗಿಸಿಬಿಡುತ್ತದೆ. ಹೆಲ್ತ್‌ಚೆಕ್‌ನ ಸಂರಚನಾ ಕಡತದಲ್ಲಿ ಈ ಒಂದು ತಪಾಸಣೆಯನ್ನಷ್ಟೇ ಹೊರಗಿಟ್ಟರೆ ನಿಜವಾದ ದೋಷ ಬಂದಾಗ ಬೇರೆ ತಪಾಸಣೆಗಳು ಹಿಡಿಯುತ್ತವೆಯೇ? ಅಥವಾ ಹೆಲ್ತ್‌ಚೆಕ್ ಪ್ಯಾಕೇಜನ್ನು ಮಾತ್ರ ಮೇಲಿನ ಆವೃತ್ತಿಗೆ ಏರಿಸುವುದು ಲೇಸೇ? ಇದೇ ಪೇಚಿಗೆ ಸಿಕ್ಕಿಕೊಂಡವರು ದಯವಿಟ್ಟು ತಿಳಿಸಿ. ಅವಧಿ ಮುಗಿದ ಪ್ರಮಾಣಪತ್ರಕ್ಕೆ ಮಾಡುವಂತೆ ಸರ್ವರ್ ಗಡಿಯಾರ ಹಿಂದಕ್ಕೆ ತಿರುಗಿಸುವ ಸಲಹೆ ಮಾತ್ರ ಬೇಡ. ಇಲ್ಲಿ ಯಾವುದರ ಅವಧಿಯೂ ಮುಗಿದಿಲ್ಲ.